ಥಾಯ್ಲೆಂಡಿಗೆ ಹಣ ತರಿಸುವ ಮೊದಲು: ಅಲ್ಲಿ ನೆಲೆಸಿದ ಹೊರದೇಶದವರಿಗೆ ತೆರಿಗೆಯ ದಾರಿ, ಹಂತ ಹಂತವಾಗಿ

ಮಾರ್ಚ್ ತಿಂಗಳು ಬಂತೆಂದರೆ ಬ್ಯಾಂಕಾಕಿನಲ್ಲಿರುವ ಪರಿಚಯದವರು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಹೋದ ವರ್ಷ ಊರಿನಿಂದ ಇಷ್ಟು ಹಣ ತರಿಸಿಕೊಂಡೆ. ಇದಕ್ಕೆ ಇಲ್ಲಿ ತೆರಿಗೆ ಇದೆಯಾ?" ನಾನು ತಿರುಗಿ ಕೇಳುವುದೂ ಒಂದೇ ಪ್ರಶ್ನೆ. "ಅದು ಯಾವ ವರ್ಷದ ದುಡಿಮೆ? ತೋರಿಸೋಕೆ ಕಾಗದ ಇದೆಯಾ?" ಅಲ್ಲಿಗೆ ಮಾತು ನಿಂತುಬಿಡುತ್ತದೆ.

ಬಹಳ ಜನ ಎಡವುವುದು ಲೆಕ್ಕ ಬರದೆ ಅಲ್ಲ, ಕೆಲಸದ ಕ್ರಮ ತಪ್ಪಿ. ಮೊದಲು ಹಣ ತರಿಸುತ್ತಾರೆ, ಆಮೇಲೆ ಕಾಗದ ಹುಡುಕುತ್ತಾರೆ. ಆಗಬೇಕಾದದ್ದು ಇದರ ತಿರುವುಮುರುವು. ಹಣ ಗಡಿ ದಾಟುವ ಮೊದಲೇ ಅದರ ಜಾತಕ ಬರೆದಿಟ್ಟುಕೊಳ್ಳಬೇಕು: ಯಾವಾಗ ಹುಟ್ಟಿತು, ಎಲ್ಲಿ ಹುಟ್ಟಿತು, ಯಾವ ಖಾತೆಯಲ್ಲಿ ಬೆಳೆಯಿತು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿ ಇನ್ನೊಂದಕ್ಕೆ ಹೋಗಬೇಡಿ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

- ಪಾಸ್‌ಪೋರ್ಟ್, ಹಳೆಯದೂ ಸೇರಿ. ಜೊತೆಗೆ ವಿಮಾನದ ಟಿಕೆಟ್ ಅಥವಾ ಬೋರ್ಡಿಂಗ್ ಪಾಸ್.
- ಹೊರದೇಶದ ಪ್ರತಿ ಖಾತೆಯ 2023ರ ಡಿಸೆಂಬರ್ 31ರ ಬಾಕಿ ತೋರಿಸುವ ಸ್ಟೇಟ್‌ಮೆಂಟ್.
- 2024ರ ಜನವರಿಯಿಂದ ಇಲ್ಲಿಯವರೆಗಿನ ಸ್ಟೇಟ್‌ಮೆಂಟುಗಳು.
- ಹೊರದೇಶದಲ್ಲಿ ತೆರಿಗೆ ಕಟ್ಟಿದ ದಾಖಲೆ. ಭಾರತದವರಾದರೆ ರಿಟರ್ನ್ ಸಲ್ಲಿಸಿದ ರಸೀದಿ, ಟಿಡಿಎಸ್ (ಹಣ ಕೊಡುವವರೇ ಮೊದಲೇ ಹಿಡಿದ ತೆರಿಗೆ) ಪ್ರಮಾಣಪತ್ರ, ಹಾಗೆ ಹಿಡಿದ ತೆರಿಗೆಯ ವರ್ಷದ ಪಟ್ಟಿಯಾದ ಫಾರ್ಮ್ 26ಎಎಸ್.
- ಥಾಯ್ಲೆಂಡಿನ ವಿಳಾಸದ ದಾಖಲೆ: ಬಾಡಿಗೆ ಕರಾರು, ಮನೆಯಲ್ಲಿ ಹೊರದೇಶದವರಿದ್ದಾರೆ ಎಂದು ಮನೆ ಮಾಲೀಕರು ವಲಸೆ ಇಲಾಖೆಗೆ ತಿಳಿಸಿದ ಟಿಎಂ 30 ರಸೀದಿ.
- ಒಂದು ಸಾದಾ ಎಕ್ಸೆಲ್ ಹಾಳೆ, ಅಥವಾ ಗೆರೆ ಎಳೆದ ನೋಟ್‌ಬುಕ್.

2023ರ ಕೊನೆಯ ಸ್ಟೇಟ್‌ಮೆಂಟ್ ಅನ್ನು ಇವತ್ತೇ ತೆಗೆಸಿಡಿ. ತುಂಬಾ ಬ್ಯಾಂಕುಗಳ ಆ್ಯಪ್‌ನಲ್ಲಿ ಕೆಲವು ವರ್ಷದ ವಿವರ ಮಾತ್ರ ಸಿಗುತ್ತದೆ. ಅದಕ್ಕಿಂತ ಹಳೆಯದು ಬೇಕಾದರೆ ಶಾಖೆಗೆ ಅರ್ಜಿ ಕೊಡಬೇಕು. ನಾನು ಹೀಗೆ ಒಂದು ಬ್ಯಾಂಕಿನ ಬೆನ್ನು ಹತ್ತಿ ಎರಡು ತಿಂಗಳು ಕಳೆದಿದ್ದೇನೆ. ಅಷ್ಟರಲ್ಲಿ ರಿಟರ್ನ್ ಸಲ್ಲಿಸುವ ಕಡೇ ದಿನ ದಾಟಿಹೋಗಿತ್ತು.

## ಹಂತ 1: ದಿನ ಎಣಿಸಿ

ಥಾಯ್ಲೆಂಡಿನ ತೆರಿಗೆ ವರ್ಷ ಜನವರಿ 1ರಿಂದ ಡಿಸೆಂಬರ್ 31ರವರೆಗೆ. ಆ ಒಂದು ವರ್ಷದಲ್ಲಿ ಒಟ್ಟು 180 ದಿನ ಅಥವಾ ಜಾಸ್ತಿ ಅಲ್ಲಿದ್ದರೆ ನೀವು ತೆರಿಗೆಯ ಮಟ್ಟಿಗೆ ಅಲ್ಲಿನ ನಿವಾಸಿ. ಅಲ್ಲಿನ ತೆರಿಗೆ ಕಾನೂನಾದ ರೆವೆನ್ಯೂ ಕೋಡ್‌ನ 41ನೇ ಕಲಂ ಹೇಳುವುದು ಇದನ್ನೇ. ದಿನಗಳು ಒಂದೇ ಸಮ ಇರಬೇಕಿಲ್ಲ. ನಾಲ್ಕು ಸಲ ಬಂದುಹೋಗಿದ್ದರೆ ನಾಲ್ಕನ್ನೂ ಕೂಡಿಸಬೇಕು.

ಇಲ್ಲಿ ಸಂಖ್ಯೆಗಳು ಕಲಸಿಹೋಗುತ್ತವೆ. ಬೇರೆ ಎಷ್ಟೋ ದೇಶಗಳಲ್ಲಿ 183 ದಿನ. ಭಾರತದಲ್ಲಿ 182. ಥಾಯ್ಲೆಂಡಿನಲ್ಲಿ 180. "182 ದಿನ ಇದ್ದೆ, 183 ಆಗಿಲ್ವಲ್ಲ" ಎಂದು ನೆಮ್ಮದಿಯಿಂದ ಇದ್ದವರನ್ನು ನೋಡಿದ್ದೇನೆ. ಅವರು ಆಗಲೇ ನಿವಾಸಿಗಳಾಗಿದ್ದರು. ಬಂದ ದಿನ, ಹೋದ ದಿನ ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಗಡಿಯ ಹತ್ತಿರ ಇದ್ದೀರಿ ಅನ್ನಿಸಿದರೆ ಒಂದು ವಾರದ ಅಂತರ ಬಿಟ್ಟುಕೊಳ್ಳಿ.

ವೀಸಾ ಯಾವುದು ಅನ್ನುವುದಕ್ಕೂ ಈ ಎಣಿಕೆಗೂ ಸಂಬಂಧವಿಲ್ಲ. ಪ್ರವಾಸಿ ವೀಸಾ, ನಿವೃತ್ತಿ ವೀಸಾ, ಮದುವೆ ವೀಸಾ, 2024ರ ಜುಲೈನಲ್ಲಿ ದೂರದಿಂದ ಕೆಲಸ ಮಾಡುವಂಥವರಿಗೆ ಶುರುವಾದ ಡಿಟಿವಿ ವೀಸಾ, ಎಲ್ಲರಿಗೂ ಇದೇ 180. ಡಿಟಿವಿಯಲ್ಲಿ ಒಂದು ಸಲ ಬಂದರೆ 180 ದಿನ ಇರಬಹುದು. ಅಷ್ಟೂ ದಿನ ಒಂದೇ ವರ್ಷದೊಳಗೆ ಬಿದ್ದರೆ ನಿವಾಸಿ ಆಗಿಬಿಡುತ್ತೀರಿ, ಗಮನ ಇರಲಿ.

ಬೇರೆ ದಾರಿ ಇರುವುದು ದೀರ್ಘಕಾಲ ನೆಲೆಸಲು ಕೊಡುವ ಎಲ್‌ಟಿಆರ್ ವೀಸಾದವರಿಗೆ. ಅದರಲ್ಲೂ ಶ್ರೀಮಂತ ಜಾಗತಿಕ ನಾಗರಿಕ, ಶ್ರೀಮಂತ ಪಿಂಚಣಿದಾರ, ಥಾಯ್ಲೆಂಡಿನಲ್ಲಿ ಕೂತು ಹೊರದೇಶಕ್ಕೆ ದುಡಿಯುವ ವೃತ್ತಿಪರ, ಈ ಮೂರು ವರ್ಗಕ್ಕೆ ಮಾತ್ರ ತಂದ ವಿದೇಶಿ ಆದಾಯದ ಮೇಲೆ ವಿನಾಯಿತಿ ಇದೆ. 2022ರ ರಾಜಾಜ್ಞೆ 743ರಲ್ಲಿ ಅದರ ಷರತ್ತುಗಳಿವೆ, ಓದಿಕೊಳ್ಳಿ. ನಾಲ್ಕನೆಯ ವರ್ಗವಾದ ಉನ್ನತ ಕೌಶಲದವರಿಗೆ ಸಿಗುವುದು ಅಲ್ಲಿನ ಸಂಬಳಕ್ಕೆ ಶೇ. 17ರ ದರ, ಈ ವಿನಾಯಿತಿ ಅಲ್ಲ.

## ಹಂತ 2: ದುಡಿಮೆ ನಿಜವಾಗಿ ಎಲ್ಲಿ ನಡೆದದ್ದು ಎಂದು ನೋಡಿ

ಬೆಂಗಳೂರಿನ ಕಂಪನಿಗೆ ಚಿಯಾಂಗ್ ಮೈನ ಬಾಡಿಗೆ ಮನೆಯಲ್ಲಿ ಕೂತು ಕೆಲಸ ಮಾಡುತ್ತೀರಿ. ಸಂಬಳ ಬೆಂಗಳೂರಿನ ಖಾತೆಗೆ ಬೀಳುತ್ತದೆ. ಇದು ವಿದೇಶಿ ಆದಾಯ ಅಂತ ನೀವಂದುಕೊಂಡಿದ್ದೀರಿ, ಅಲ್ವಾ? ಅಲ್ಲ. ಕೆಲಸ ನಡೆದದ್ದು ಥಾಯ್ಲೆಂಡಿನಲ್ಲಿ, ಹಾಗಾಗಿ ಅದು ಥಾಯ್ಲೆಂಡಿನ ಆದಾಯ. ಹಣ ಒಳಗೆ ತಂದರೂ ತರದಿದ್ದರೂ ಅದು ಅಲ್ಲಿನ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. 180 ದಿನದ ಮಾತೂ ಇದಕ್ಕೆ ಅನ್ವಯಿಸುವುದಿಲ್ಲ.

ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದಲ್ಲಿ ಸ್ವಲ್ಪ ದಿನ ಬಂದು ದುಡಿದು ಹೋಗುವ ನೌಕರರಿಗೆ ರಿಯಾಯಿತಿ ಇರುತ್ತದೆ. ವರ್ಷವಿಡೀ ಅಲ್ಲೇ ಕೂತವರಿಗೆ ಅದು ಒದಗುವುದಿಲ್ಲ.

ಈ ಹಂತವನ್ನು ಎರಡನೆಯದಾಗಿ ಇಟ್ಟದ್ದಕ್ಕೆ ಕಾರಣವಿದೆ. ಮುಂದಿನ ಹಂತಗಳೆಲ್ಲ ನಿಜವಾದ ವಿದೇಶಿ ಆದಾಯಕ್ಕೆ ಸೇರಿದವು. ಲ್ಯಾಪ್‌ಟಾಪ್ ಹಿಡಿದು ದುಡಿಯುವವರು ಇಲ್ಲಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ನಿಮ್ಮದು ಇಂಥ ಕೆಲಸವಾದರೆ ಇಲ್ಲೇ ನಿಂತು ಮೊದಲು ಒಬ್ಬ ತೆರಿಗೆ ಸಲಹೆಗಾರರನ್ನು ನೋಡಿ.

## ಹಂತ 3: ಹಣವನ್ನು ಹುಟ್ಟಿದ ವರ್ಷದ ಪ್ರಕಾರ ಬೇರ್ಪಡಿಸಿ

ಇಡೀ ಕೆಲಸದ ಬೇರು ಇಲ್ಲಿದೆ. ನಿಧಾನವಾಗಿ ಓದಿ.

ಮೊದಲು ಒಂದು ಪದ್ಧತಿ ಇತ್ತು. ಒಂದು ವರ್ಷ ದುಡಿದದ್ದನ್ನು ಮುಂದಿನ ವರ್ಷ ಒಳಗೆ ತಂದರೆ ತೆರಿಗೆ ಇರಲಿಲ್ಲ. ಥಾಯ್ ಕಂದಾಯ ಇಲಾಖೆ 2023ರ ಸೆಪ್ಟೆಂಬರ್ 15ರಂದು ಹೊರಡಿಸಿದ 161ನೇ ಆದೇಶ ಆ ಬಾಗಿಲನ್ನು ಮುಚ್ಚಿತು. 2024ರ ಜನವರಿ 1ರಿಂದ, ಯಾವ ವರ್ಷ ತಂದರೂ ಆದಾಯ ಆದಾಯವೇ. ಆಮೇಲೆ ಅದೇ 2023ರ ನವೆಂಬರ್ 20ರಂದು 162ನೇ ಆದೇಶ ಬಂತು. 2024ಕ್ಕೆ ಮೊದಲು ಗಳಿಸಿದ ಹಣಕ್ಕೆ ಹೊಸ ನಿಯಮ ತಾಗುವುದಿಲ್ಲ ಎಂದು ಅದು ಹೇಳಿತು.

ಹಾಗಾಗಿ ನಿಮ್ಮ ಹಣವನ್ನು ಮೂರು ಗುಡ್ಡೆ ಮಾಡಿ.

ಒಂದನೇ ಗುಡ್ಡೆ: 2023ರ ಡಿಸೆಂಬರ್ 31ರವರೆಗೆ ಗಳಿಸಿ ಉಳಿಸಿದ್ದು. ಇದನ್ನು ಈಗ ತಂದರೆ ತೆರಿಗೆ ಇಲ್ಲ. ಆದರೆ ಅದು ಆ ದಿನ ಇತ್ತು ಎಂದು ತೋರಿಸಬೇಕಾದವರು ನೀವು.

ಎರಡನೇ ಗುಡ್ಡೆ: 2024ರಿಂದ ಈಚೆಗೆ ಗಳಿಸಿದ್ದು, ಆದರೆ ಗಳಿಸಿದ ವರ್ಷ ನೀವು ಥಾಯ್ಲೆಂಡಿನಲ್ಲಿ 180 ದಿನ ಇರಲಿಲ್ಲ. ಉದಾಹರಣೆಗೆ 2024ರಲ್ಲಿ ಮೈಸೂರಿನಲ್ಲೇ ಇದ್ದು ಸಂಬಳ ತೆಗೆದುಕೊಂಡಿರಿ, 2025ರಲ್ಲಿ ಬ್ಯಾಂಕಾಕಿಗೆ ಬಂದಿರಿ. ಆ 2024ರ ಸಂಬಳದ ಉಳಿತಾಯ ತಂದರೂ ತೆರಿಗೆ ಇಲ್ಲ. ಹೊಸದಾಗಿ ಬಂದವರಿಗೆ ಇದು ದೊಡ್ಡ ಅನುಕೂಲ. ಗೊತ್ತಿಲ್ಲದೆ ಸುಮ್ನೆ ಹೆದರಿಕೊಂಡವರೇ ಜಾಸ್ತಿ.

ಮೂರನೇ ಗುಡ್ಡೆ: ನಿವಾಸಿಯಾಗಿದ್ದ ವರ್ಷದಲ್ಲಿ, 2024ರಿಂದ ಈಚೆಗೆ ಹುಟ್ಟಿದ ವಿದೇಶಿ ಆದಾಯ. ಪಿಂಚಣಿ, ಬಡ್ಡಿ, ಬಾಡಿಗೆ, ಡಿವಿಡೆಂಡ್, ಷೇರು ಮಾರಿದ ಲಾಭ. ಇದನ್ನು ಒಳಗೆ ತಂದ ವರ್ಷ ಲೆಕ್ಕ ಕೊಡಬೇಕು. ಹೊರಗೇ ಬಿಟ್ಟರೆ ಈ ನಿಯಮದಲ್ಲಿ ತೆರಿಗೆ ಇಲ್ಲ.

ಗುಡ್ಡೆ ಮಾಡುವಾಗ ಜನ ಎಡವುವ ಕಡೆಗಳು ಹಲವು ಇವೆ.

ಹಳೆ ಠೇವಣಿಯ ಹೊಸ ಬಡ್ಡಿ. ಅಸಲು ಒಂದನೇ ಗುಡ್ಡೆ, 2024ರ ನಂತರದ ಬಡ್ಡಿ ಮೂರನೇ ಗುಡ್ಡೆ. ಬಡ್ಡಿ ಅಸಲಿಗೇ ಸೇರುತ್ತಾ ಹೋಗುವ ಠೇವಣಿಯಲ್ಲಿ ಎರಡೂ ಬೆರೆತುಹೋಗುತ್ತವೆ.

ಎನ್‌ಆರ್‌ಇ ಖಾತೆಯ ಬಡ್ಡಿ. ಇದು ಹೊರದೇಶದಲ್ಲಿ ನೆಲೆಸಿದ ಭಾರತೀಯರು ಅಲ್ಲಿನ ದುಡಿಮೆಯನ್ನು ಊರಿನಲ್ಲಿ ಇಡುವ ಖಾತೆ. ಭಾರತದಲ್ಲಿ ಇದರ ಬಡ್ಡಿಗೆ ತೆರಿಗೆ ಇಲ್ಲ, ನಿಜ. ಆದರೆ ಆ ವಿನಾಯಿತಿ ಕೊಟ್ಟದ್ದು ಭಾರತ, ಥಾಯ್ಲೆಂಡ್ ಅಲ್ಲ. ತೋಟದ ಆದಾಯವೂ ಹೀಗೆಯೇ. ಶಿರಸಿಯಲ್ಲೋ ತೀರ್ಥಹಳ್ಳಿಯಲ್ಲೋ ಅಡಿಕೆ ಮಾರಿ ಬಂದ ಹಣಕ್ಕೆ ಊರಿನಲ್ಲಿ ಆದಾಯ ತೆರಿಗೆ ಇಲ್ಲ. ಅಷ್ಟರಿಂದಲೇ ಅಲ್ಲೂ ಇಲ್ಲ ಎಂದಾಗುವುದಿಲ್ಲ. ಊರಿನಲ್ಲಿ ತೆರಿಗೆ ಕಟ್ಟಿಲ್ಲದ ಕಾರಣ ಅಲ್ಲಿನ ತೆರಿಗೆಯಿಂದ ಕಳೆಯಲೂ ಏನೂ ಇರುವುದಿಲ್ಲ. ಇಂಥ ಹಣ ಊರಿನಲ್ಲೇ ಇರಲಿ, ಊರಿನ ಖರ್ಚಿಗೇ ಆಗಲಿ ಎನ್ನುವುದು ನನ್ನ ಸಲಹೆ.

ಮಾರಿದ ಆಸ್ತಿ. 2010ರಲ್ಲಿ ಕೊಂಡ ಸೈಟನ್ನು 2025ರಲ್ಲಿ ಮಾರಿದರೆ ಲಾಭ ಹುಟ್ಟಿದ್ದು 2025ರಲ್ಲಿ. ಕೊಂಡ ಬೆಲೆ ಆದಾಯವಲ್ಲ, ಅದು ನಿಮ್ಮ ಅಸಲು. ಕ್ರಯಪತ್ರ ಇಲ್ಲದಿದ್ದರೆ ಅಸಲು ಎಷ್ಟು, ಲಾಭ ಎಷ್ಟು ಎಂದು ಬಿಡಿಸಿ ತೋರಿಸಲು ಆಗುವುದಿಲ್ಲ.

## ಹಂತ 4: ಖಾತೆಗಳನ್ನು ಬೇರೆ ಮಾಡಿ

ಮೂರು ಗುಡ್ಡೆ ಕಾಗದದ ಮೇಲೆ ಇದ್ದರೆ ಸಾಲದು, ಬ್ಯಾಂಕಿನಲ್ಲೂ ಬೇರೆ ಇರಬೇಕು. ಹಳೆ ಉಳಿತಾಯ ಒಂದು ಖಾತೆ. ಹೊಸ ಆದಾಯ ಬೀಳುವುದು ಇನ್ನೊಂದು ಖಾತೆ. ಥಾಯ್ಲೆಂಡಿಗೆ ಕಳಿಸುವುದು ಮೊದಲನೆಯದರಿಂದ.

ಒಂದೇ ಖಾತೆಗೆ ಪಿಂಚಣಿಯೂ ಬಿದ್ದು, ಹಳೆ ಉಳಿತಾಯವೂ ಇದ್ದು, ಅದರಿಂದಲೇ ಹಣ ಕಳಿಸಿದರೆ ಕಳಿಸಿದ್ದು ಯಾವುದು? ಹಾಲು ನೀರು ಬೆರೆತ ಮೇಲೆ ಬಿಡಿಸುವುದು ಕಷ್ಟ. ಅಧಿಕಾರಿ ಅದನ್ನು ಹೊಸ ಆದಾಯ ಅಂದರೆ, ಅಲ್ಲ ಎಂದು ತೋರಿಸುವ ಹೊರೆ ನಿಮ್ಮದು.

ಹಳೆ ಉಳಿತಾಯದ ಖಾತೆಯ ಬಡ್ಡಿಯನ್ನು ಪ್ರತಿ ತ್ರೈಮಾಸಿಕ ಬೇರೆ ಖಾತೆಗೆ ತೆಗೆದು ಹಾಕಿ. ಸಣ್ಣ ಕೆಲಸ, ಆದರೆ ಮುಂದೆ ತುಂಬಾ ತಲೆನೋವು ತಪ್ಪುತ್ತದೆ.

ಭಾರತದ ಕಡೆಯಿಂದ ಇನ್ನೊಂದು ಮಾತು. ಊರು ಬಿಟ್ಟು ಅಲ್ಲಿ ನೆಲೆಸಿದ ಮೇಲೆ ನಿಮ್ಮ ಮಾಮೂಲಿ ಉಳಿತಾಯ ಖಾತೆ, ಅನಿವಾಸಿಗಳು ಊರಿನ ಆದಾಯ ಇಡುವ ಎನ್‌ಆರ್‌ಓ ಖಾತೆಯಾಗಿ ಬದಲಾಗಬೇಕು. ಬದಲಿಸದೆ ಹಳೆ ಖಾತೆಯಿಂದಲೇ, ಭಾರತದ ನಿವಾಸಿಗಳಿಗೆ ಇರುವ 2,50,000 ಡಾಲರ್ ಮಿತಿಯ ಅಡಿಯಲ್ಲಿ ಹಣ ಕಳಿಸುತ್ತಾ ಇರುವುದು ತಪ್ಪು. ಎನ್‌ಆರ್‌ಓ ಖಾತೆಯಿಂದ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಅದಕ್ಕೆ 15ಸಿಎ ಘೋಷಣೆ, ಚಾರ್ಟರ್ಡ್ ಅಕೌಂಟೆಂಟ್ ಕೊಡುವ 15ಸಿಬಿ ಪ್ರಮಾಣಪತ್ರ ಎಂದು ಜನ ಕರೆಯುವ ಕಾಗದಗಳು ಬೇಕಾಗುತ್ತವೆ. 2026ರ ಏಪ್ರಿಲ್ 1ರಿಂದ ಭಾರತದಲ್ಲಿ ಹೊಸ ಆದಾಯ ತೆರಿಗೆ ಕಾಯ್ದೆ ಇರುವುದರಿಂದ ಅರ್ಜಿಗಳ ಈಗಿನ ಸಂಖ್ಯೆಯನ್ನು ಅಕೌಂಟೆಂಟ್ ಹತ್ತಿರ ಕೇಳಿಕೊಳ್ಳಿ. ಅವರು ಕೊಡುವ ಪ್ರಮಾಣಪತ್ರದ ಪ್ರತಿ ನಿಮ್ಮ ಹತ್ತಿರವೂ ಇರಲಿ. ಹಣದ ಮೂಲ ತೋರಿಸಲು ಥಾಯ್ಲೆಂಡಿನಲ್ಲೂ ಅದು ಉಪಯೋಗಕ್ಕೆ ಬರುತ್ತದೆ.

## ಹಂತ 5: ಹಣ ತರಿಸಿ, ಅದೇ ದಿನ ಬರೆದಿಡಿ

ಈಗ ಕಳಿಸಬಹುದು. ಪ್ರತಿ ಸಲ ಐದು ವಿಷಯ ಬರೆಯಿರಿ: ದಿನಾಂಕ, ಯಾವ ಖಾತೆಯಿಂದ, ಎಷ್ಟು ಹಣ, ಥಾಯ್ ನಾಣ್ಯವಾದ ಬಾತ್‌ಗೆ ಯಾವ ದರದಲ್ಲಿ ಬದಲಾಯಿತು, ಯಾವ ಗುಡ್ಡೆ. ಥಾಯ್ ಬ್ಯಾಂಕಿನ ಜಮಾ ರಸೀದಿ ಅದರ ಪಕ್ಕದಲ್ಲೇ ಇರಲಿ.

ಬ್ಯಾಂಕ್ ವರ್ಗಾವಣೆ ಮಾತ್ರ ಹಣ ತಂದಂತೆ ಎಂದುಕೊಳ್ಳಬೇಡಿ. ಕೈಯಲ್ಲಿ ತಂದ ನಗದು ಇದೆ. ಹೊರದೇಶದ ಡೆಬಿಟ್ ಕಾರ್ಡಿನಿಂದ ಅಲ್ಲಿನ ಎಟಿಎಂನಲ್ಲಿ ತೆಗೆದದ್ದೂ ಇದೆ. ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ಊರಿನ ಖಾತೆಯಿಂದ ತೀರಿಸುವವರು ಅದನ್ನೂ ಹಾಳೆಯಲ್ಲಿ ಬರೆದಿಡಿ. ಅದೂ ಹಳೆ ಉಳಿತಾಯದ ಖಾತೆಯಿಂದಲೇ ಹೋಗಲಿ.

ಕಾಂಡೋ (ಫ್ಲಾಟ್) ಕೊಳ್ಳುವವರು ಇಲ್ಲಿ ಬಹಳ ಎಚ್ಚರ. ಹೊರದೇಶದವರ ಹೆಸರಿಗೆ ಕಾಂಡೋ ನೋಂದಣಿ ಆಗಬೇಕಾದರೆ ಹಣ ವಿದೇಶಿ ಕರೆನ್ಸಿಯಲ್ಲಿ ಬಂದದ್ದಕ್ಕೆ ಬ್ಯಾಂಕಿನ ಪತ್ರ ತೋರಿಸಬೇಕು. ಅಂದರೆ ದೊಡ್ಡ ಮೊತ್ತ ಒಮ್ಮೆಲೇ ಬರುತ್ತದೆ, ದಾಖಲೆಯೂ ಆಗುತ್ತದೆ. ಆ ಹಣ ಒಂದನೇ ಗುಡ್ಡೆಯದಾದರೆ ತೆರಿಗೆ ಸೊನ್ನೆ. ಮೂರನೇ ಗುಡ್ಡೆಯದಾಗಿದ್ದು, ಕಡಿತಗಳೆಲ್ಲ ಕಳೆದು ನಿವ್ವಳ 50 ಲಕ್ಷ ಬಾತ್ ಉಳಿದರೆ ತೆರಿಗೆ 12,65,000 ಬಾತ್. ಅದೇ ಮನೆ, ಅದೇ ಬೆಲೆ. ಖಾತೆ ಯಾವುದು ಎನ್ನುವುದೊಂದೇ ವ್ಯತ್ಯಾಸ. ಹಳೆ ಉಳಿತಾಯವನ್ನು ದಿನದ ಖರ್ಚಿಗೆ ಕರಗಿಸಿ, ಆಮೇಲೆ ಹೊಸ ದುಡ್ಡಿನಿಂದ ಮನೆ ಕೊಂಡವರ ಸಂಕಟ ನೋಡಲಾಗದು.

### ಅಪ್ಪ ಅಮ್ಮ ಕಳಿಸಿದ ಹಣ

ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳಿಂದ ಉಡುಗೊರೆಯಾಗಿ ಬಂದದ್ದು ವರ್ಷಕ್ಕೆ 2 ಕೋಟಿ ಬಾತ್‌ವರೆಗೆ ವಿನಾಯಿತಿಯಲ್ಲಿದೆ. ಬೇರೆಯವರಿಂದ ಸಂಪ್ರದಾಯ, ಸಮಾರಂಭದ ಸಂದರ್ಭದಲ್ಲಿ ಬಂದದ್ದು 1 ಕೋಟಿವರೆಗೆ. ನಿಜವಾದ ಉಡುಗೊರೆ ಆದರೆ ಒಂದು ದಾನಪತ್ರ, ಸಂಬಂಧ ತೋರಿಸುವ ದಾಖಲೆ, ಕಳಿಸಿದವರ ಖಾತೆಯ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ. ಊರಿನಲ್ಲಿರುವ ತಂದೆಯವರು ವರ್ಷಕ್ಕೆ 10 ಲಕ್ಷ ರೂಪಾಯಿಗಿಂತ ಹೆಚ್ಚು ಕಳಿಸಿದರೆ ಬ್ಯಾಂಕು ಆ ಹೆಚ್ಚಿನ ಭಾಗಕ್ಕೆ ಶೇ. 20 ಟಿಸಿಎಸ್ (ಮುಂಗಡ ತೆರಿಗೆ) ಹಿಡಿಯುತ್ತದೆ. ರಿಟರ್ನ್ ಹಾಕಿದಾಗ ಅದು ಅವರ ಲೆಕ್ಕಕ್ಕೆ ಸಿಗುತ್ತದೆ. ಅವರಿಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಗಾಬರಿಯಾಗುತ್ತಾರೆ.

ನಿಮ್ಮದೇ ಪಿಂಚಣಿಯನ್ನು ಅಪ್ಪನ ಖಾತೆಗೆ ಹಾಕಿ, ಅಲ್ಲಿಂದ ಉಡುಗೊರೆ ಎಂದು ವಾಪಸ್ ತರಿಸಿಕೊಳ್ಳುವುದು ಉಡುಗೊರೆ ಅಲ್ಲ. ಎರಡು ಸ್ಟೇಟ್‌ಮೆಂಟ್ ಪಕ್ಕಪಕ್ಕ ಇಟ್ಟರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ದಯವಿಟ್ಟು ಮಾಡಬೇಡಿ.

## ಹಂತ 6: ತೆರಿಗೆದಾರರ ಸಂಖ್ಯೆ ಪಡೆಯಿರಿ

ಲೆಕ್ಕ ಕೊಡಬೇಕಾದ ಆದಾಯ ಇದೆ ಎಂದಾದರೆ ತೆರಿಗೆದಾರರ ಸಂಖ್ಯೆ ಬೇಕು. ನೀವಿರುವ ಪ್ರದೇಶದ ಕಂದಾಯ ಇಲಾಖೆ ಶಾಖೆಗೆ ಹೋಗಿ. ಥಾಯ್ ಭಾಷೆಯಲ್ಲಿ ಈ ಇಲಾಖೆಗೆ ಸನ್‌ಫಾಕೋನ್ ಎನ್ನುತ್ತಾರೆ, ಟ್ಯಾಕ್ಸಿಯವರಿಗೆ ಹಾಗೆಂದರೆ ತಿಳಿಯುತ್ತದೆ. ಪಾಸ್‌ಪೋರ್ಟ್, ವೀಸಾ ಪುಟದ ಪ್ರತಿ, ವಿಳಾಸದ ದಾಖಲೆ ಒಯ್ಯಿರಿ. ಕೆಲವು ಶಾಖೆಗಳಲ್ಲಿ ವಲಸೆ ಇಲಾಖೆಯ ನಿವಾಸ ಪತ್ರ ಕೇಳುತ್ತಾರೆ. ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಂಡರೆ ಎರಡು ಸಲ ಅಲೆಯುವುದು ತಪ್ಪುತ್ತದೆ. ಇಲಾಖೆಯ ಸಹಾಯವಾಣಿ 1161.

ಅಲ್ಲಿ ಕೆಲಸಕ್ಕೆ ಸೇರಿದವರಿಗೆ ಕಂಪನಿ ಈಗಾಗಲೇ ಸಂಖ್ಯೆ ಮಾಡಿಸಿರುತ್ತದೆ. ಇನ್ನೊಂದು ಮಾಡಿಸಬೇಡಿ.

ಈ ಕೆಲಸವನ್ನು ಮಾರ್ಚ್‌ಗೆ ಬಿಡಬೇಡಿ. ಆಗ ಜನಜಂಗುಳಿ. ಅಕ್ಟೋಬರ್, ನವೆಂಬರ್‌ನಲ್ಲಿ ಹೋದರೆ ಸಿಬ್ಬಂದಿ ಸಮಾಧಾನವಾಗಿ ಮಾತನಾಡುತ್ತಾರೆ. ಥಾಯ್ ಬಲ್ಲ ಸ್ನೇಹಿತರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

## ಹಂತ 7: ತೆರಿಗೆ ಎಷ್ಟು ಎಂದು ಲೆಕ್ಕ ಹಾಕಿ

ತಂದದ್ದರಲ್ಲಿ ಮೂರನೇ ಗುಡ್ಡೆಯನ್ನು ಮಾತ್ರ ತೆಗೆದುಕೊಳ್ಳಿ. ಅದರಿಂದ ಖರ್ಚಿನ ಕಡಿತ, ವೈಯಕ್ತಿಕ ಕಡಿತಗಳನ್ನು ಕಳೆಯಿರಿ. ಉಳಿದದ್ದಕ್ಕೆ ದರ ಹೀಗಿದೆ:

- 1,50,000 ಬಾತ್‌ವರೆಗೆ ತೆರಿಗೆ ಇಲ್ಲ
- ಅಲ್ಲಿಂದ 3,00,000ದವರೆಗೆ ಶೇ. 5
- 5,00,000ದವರೆಗೆ ಶೇ. 10
- 7,50,000ದವರೆಗೆ ಶೇ. 15
- 10 ಲಕ್ಷದವರೆಗೆ ಶೇ. 20
- 20 ಲಕ್ಷದವರೆಗೆ ಶೇ. 25
- 50 ಲಕ್ಷದವರೆಗೆ ಶೇ. 30
- ಅದರ ಮೇಲೆ ಶೇ. 35

ಸಂಬಳ, ಪಿಂಚಣಿಗೆ ಖರ್ಚೆಂದು ಅರ್ಧ ಕಳೆಯಬಹುದು, ಆದರೆ 1,00,000 ಬಾತ್ ಮೀರುವಂತಿಲ್ಲ. ಬಡ್ಡಿ, ಡಿವಿಡೆಂಡ್‌ಗೆ ಈ ಕಡಿತ ಇಲ್ಲ. ವೈಯಕ್ತಿಕ ಕಡಿತ 60,000. ಆದಾಯ ಇಲ್ಲದ ಗಂಡ ಅಥವಾ ಹೆಂಡತಿಗೆ ಇನ್ನೊಂದು 60,000. ಮಗುವಿಗೆ 30,000. ನಿಮಗೆ 65 ವರ್ಷ ತುಂಬಿದ್ದು, ನೀವು ಅಲ್ಲಿನ ನಿವಾಸಿಯಾಗಿದ್ದರೆ 1,90,000 ಬಾತ್ ಆದಾಯ ಪೂರ್ತಿ ವಿನಾಯಿತಿ.

ಉದಾಹರಣೆಗೆ 67 ವರ್ಷದ ಒಬ್ಬರು ಹುವಾ ಹಿನ್‌ನಲ್ಲಿ ಒಬ್ಬರೇ ಇದ್ದಾರೆ ಎಂದಿಟ್ಟುಕೊಳ್ಳಿ. ಈ ವರ್ಷದ ಪಿಂಚಣಿಯಿಂದ 9,00,000 ಬಾತ್ ತರಿಸಿಕೊಂಡರು. ಹಿರಿಯರ ವಿನಾಯಿತಿ 1,90,000 ಕಳೆದರೆ 7,10,000. ಖರ್ಚಿನ ಕಡಿತ 1,00,000 ಹೋಗಿ 6,10,000. ವೈಯಕ್ತಿಕ ಕಡಿತ 60,000 ಹೋಗಿ 5,50,000. ಮೊದಲ 1,50,000ಕ್ಕೆ ಏನಿಲ್ಲ. ಮುಂದಿನ 1,50,000ಕ್ಕೆ 7,500. ಅದರ ಮುಂದಿನ 2,00,000ಕ್ಕೆ 20,000. ಕೊನೆಯ 50,000ಕ್ಕೆ 7,500. ಒಟ್ಟು 35,000 ಬಾತ್. ಅದೇ ಮೊತ್ತ ತಂದವರಿಗೆ 60 ವರ್ಷವಾಗಿದ್ದರೆ 63,500. ಹಾಗಾಗಿ ಹಿರಿಯರ ವಿನಾಯಿತಿಯನ್ನು ಮರೆಯಬೇಡಿ, ಅದನ್ನು ಕೇಳಿಕೊಳ್ಳದೆ ಬಿಡುವವರು ಬಹಳ.

### ಊರಿನಲ್ಲಿ ಕಟ್ಟಿದ ತೆರಿಗೆಯನ್ನು ಕಳೆಯುವುದು

ಭಾರತ ಮತ್ತು ಥಾಯ್ಲೆಂಡ್ ನಡುವೆ ಎರಡೆರಡು ತೆರಿಗೆ ತಪ್ಪಿಸುವ ಒಪ್ಪಂದವಿದೆ. ಈಗಿನದಕ್ಕೆ 2015ರ ಜೂನ್‌ನಲ್ಲಿ ಸಹಿ ಬಿದ್ದಿತು. ಒಪ್ಪಂದ ಇದೆ ಎಂದರೆ ತೆರಿಗೆಯೇ ಇಲ್ಲ ಎಂದಲ್ಲ. ರಿಟರ್ನ್ ಸಲ್ಲಿಸುವುದು ಬೇಡ ಎಂದೂ ಅಲ್ಲ. ಒಂದೊಂದು ಬಗೆಯ ಆದಾಯಕ್ಕೆ ಒಂದೊಂದು ಕಲಂ ಇದೆ. ಸರ್ಕಾರಿ ಸೇವೆಯ ಪಿಂಚಣಿಗೆ ಬೇರೆ, ಖಾಸಗಿ ಪಿಂಚಣಿಗೆ ಬೇರೆ. ನಿಮ್ಮ ಆದಾಯದ ಕಲಂ ಹುಡುಕಿ, ಪೂರ್ತಿ ಓದಿ.

ಎರಡೂ ದೇಶ ತೆರಿಗೆ ಹಾಕಬಹುದಾದ ಕಡೆ, ಅದೇ ಆದಾಯಕ್ಕೆ ಭಾರತದಲ್ಲಿ ಕಟ್ಟಿದ್ದನ್ನು ಅಲ್ಲಿನ ತೆರಿಗೆಯಿಂದ ಕಳೆಯಬಹುದು. ಹುವಾ ಹಿನ್‌ನ ಹಿರಿಯರ ಆದಾಯ ಇಂಥದ್ದಾಗಿದ್ದು, ಅದಕ್ಕೆ ಭಾರತದಲ್ಲಿ 20,000 ಬಾತ್‌ನಷ್ಟು ಕಟ್ಟಿದ್ದರೆ ಅಲ್ಲಿ ಉಳಿಯುವುದು 15,000. ಭಾರತದಲ್ಲಿ 40,000 ಕಟ್ಟಿದ್ದರೆ ಅಲ್ಲಿ ಸೊನ್ನೆ, ಆದರೆ ಹೆಚ್ಚಿನ 5,000 ವಾಪಸ್ ಬರುವುದಿಲ್ಲ.

ಇಲ್ಲಿ ಕಾಲಿಗೆ ತೊಡರುವುದು ವರ್ಷದ ವ್ಯತ್ಯಾಸ. ಭಾರತದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಥಾಯ್ಲೆಂಡಿನದು ಜನವರಿಯಿಂದ ಡಿಸೆಂಬರ್. ಒಂದು ಫಾರ್ಮ್ 26ಎಎಸ್ ಎರಡು ಥಾಯ್ ವರ್ಷಕ್ಕೆ ಹರಿದು ಹಂಚಿಹೋಗುತ್ತದೆ. ತಿಂಗಳುವಾರು ಬಿಡಿಸಿದ ಒಂದು ಪುಟದ ಪಟ್ಟಿ ಮಾಡಿ, ಪ್ರತಿ ಸಾಲಿಗೂ ಟಿಡಿಎಸ್ ದಿನಾಂಕ ಹಾಕಿ. ಅಧಿಕಾರಿ ಮೊದಲು ಓದುವುದು ಆ ಒಂದು ಪುಟವನ್ನೇ. ಉಳಿದ ಕಾಗದ ಅದರ ಹಿಂದೆ ಇರಲಿ.

## ಹಂತ 8: ರಿಟರ್ನ್ ಸಲ್ಲಿಸಿ

ಸಂಬಳ, ಪಿಂಚಣಿ ಮಾತ್ರ ಇದ್ದರೆ ಪಿಎನ್‌ಡಿ 91 ಅರ್ಜಿ. ಬಡ್ಡಿ, ಬಾಡಿಗೆ, ಲಾಭ ಏನಾದರೂ ಸೇರಿದರೆ ಪಿಎನ್‌ಡಿ 90. ಬಾಡಿಗೆ, ವ್ಯಾಪಾರದ ಆದಾಯ ಇರುವವರಿಗೆ ಅರ್ಧ ವರ್ಷದ ಪಿಎನ್‌ಡಿ 94 ಕೂಡ ಇದೆ, ಅದನ್ನು ಸೆಪ್ಟೆಂಬರ್ ಕೊನೆಯೊಳಗೆ ಕೊಡಬೇಕು.

ಕಾಗದದ ಅರ್ಜಿಗೆ ಮುಂದಿನ ವರ್ಷದ ಮಾರ್ಚ್ 31 ಕೊನೆ ದಿನ. ಆನ್‌ಲೈನ್‌ಗೆ ಸಾಮಾನ್ಯವಾಗಿ ಒಂದು ವಾರ ಜಾಸ್ತಿ ಕೊಡುತ್ತಾರೆ. ಹೊರದೇಶದ ತೆರಿಗೆ ಕಳೆಯಬೇಕಾದವರು ಮೊದಲ ವರ್ಷ ಶಾಖೆಗೇ ಹೋಗಿ ಕೊಡುವುದು ಒಳ್ಳೆಯದು. ಎದುರಿಗೆ ಕೂತು ಕಾಗದ ತೋರಿಸಿದರೆ ಅರ್ಧ ಅನುಮಾನ ಅಲ್ಲೇ ಬಗೆಹರಿಯುತ್ತದೆ.

ಅರ್ಜಿಯಲ್ಲಿ ಇರುವುದು ಬೌದ್ಧ ವರ್ಷ. ನಮ್ಮ ವರ್ಷಕ್ಕೆ 543 ಕೂಡಿಸಿ. 2025 ಅಲ್ಲಿ 2568. ರಿಟರ್ನ್ ಕೊಡುವ ವರ್ಷವನ್ನಲ್ಲ, ಹಣ ತಂದ ವರ್ಷವನ್ನು ಬರೆಯಬೇಕು. ಈ ಎರಡು ಕಡೆ ತಪ್ಪಿ ಅರ್ಜಿ ವಾಪಸ್ ಪಡೆದವರನ್ನು ನಾನು ಬಲ್ಲೆ.

ಬೇರೆ ಆದಾಯವೂ ಇರುವ ಒಂಟಿ ವ್ಯಕ್ತಿಗೆ ವರ್ಷಕ್ಕೆ 60,000 ಬಾತ್ ದಾಟಿದರೆ ರಿಟರ್ನ್ ಕೊಡಬೇಕು. ಸಂಬಳ, ಪಿಂಚಣಿ ಮಾತ್ರ ಇದ್ದರೆ ಆ ಮಿತಿ 1,20,000. ತೆರಿಗೆ ಸೊನ್ನೆ ಬಂದರೂ ರಿಟರ್ನ್ ಕೊಡಬೇಕಾದ ಸಂದರ್ಭ ಇರುತ್ತದೆ ಎಂದು ಇದರಿಂದ ತಿಳಿಯುತ್ತದೆ. ತೆರಿಗೆ 3,000 ಬಾತ್ ಅಥವಾ ಹೆಚ್ಚಾದರೆ, ಸಮಯಕ್ಕೆ ರಿಟರ್ನ್ ಕೊಟ್ಟವರು ಮೂರು ಕಂತಿನಲ್ಲಿ ಕಟ್ಟಬಹುದು.

ತಡವಾದರೆ 2,000 ಬಾತ್‌ವರೆಗೆ ದಂಡ. ಬಾಕಿ ತೆರಿಗೆಗೆ ತಿಂಗಳಿಗೆ ಶೇ. 1.5 ಹೆಚ್ಚುವರಿ. ಇಲಾಖೆಯೇ ಕಂಡುಹಿಡಿದು ನೋಟಿಸ್ ಕೊಟ್ಟರೆ ಬೇರೆ ದಂಡವೂ ಸೇರುತ್ತದೆ, ಅದು ತೆರಿಗೆಯ ಒಂದರಷ್ಟು ಅಥವಾ ಎರಡರಷ್ಟು ಆಗಬಹುದು. ಹಳೆ ತಪ್ಪು ಗೊತ್ತಾದರೆ ನೋಟಿಸ್ ಬರುವ ಮೊದಲು ನೀವೇ ಹೋಗಿ ಸರಿಪಡಿಸಿ.

## ಈ ಮಾತು ಕೇಳಿದರೆ ಎಚ್ಚರ

"ಅವರಿಗೆ ಹೇಗೆ ಗೊತ್ತಾಗುತ್ತೆ?" ಥಾಯ್ಲೆಂಡ್ ಬೇರೆ ದೇಶಗಳೊಡನೆ ಬ್ಯಾಂಕ್ ಖಾತೆಯ ವಿವರ ಹಂಚಿಕೊಳ್ಳುವ ವ್ಯವಸ್ಥೆಗೆ ಸೇರಿದೆ, 2023ರಲ್ಲಿ ಮೊದಲ ಸಲ ವಿವರ ಹಂಚಿತು. ಭಾರತವೂ ಅದರಲ್ಲಿದೆ.

"ಆ ನಿಯಮ ತೆಗೆದುಬಿಡ್ತಾರಂತೆ." ಸಡಿಲಿಸುವ ಮಾತು 2025ರಲ್ಲಿ ಸುದ್ದಿಯಾಗಿತ್ತು. ಪತ್ರಿಕೆಯಲ್ಲಿ ಬಂದದ್ದು ಕಾನೂನಲ್ಲ. ಅಲ್ಲಿನ ರಾಜಪತ್ರದಲ್ಲಿ ಪ್ರಕಟವಾದದ್ದು ಕಾನೂನು. ಹಣ ಕಳಿಸುವ ವಾರ ಅದನ್ನೊಮ್ಮೆ ನೋಡಿ.

"ಒಂದು ಮೊತ್ತ ಕೊಡಿ, ಸೊನ್ನೆ ತೆರಿಗೆ ಮಾಡಿಸಿಕೊಡ್ತೀನಿ." ನಿಮ್ಮ ಸ್ಟೇಟ್‌ಮೆಂಟ್ ನೋಡದೆ ಹೀಗೆ ಹೇಳುವ ಏಜೆಂಟರಿಂದ ದೂರ ಇರಿ. ಒಳ್ಳೆಯ ಸಲಹೆಗಾರರು ಮೊದಲು ಕೇಳುವುದು 2023ರ ಡಿಸೆಂಬರ್ 31ರ ಬಾಕಿಯನ್ನು.

## ಹಂತ 9: ರಿಟರ್ನ್ ಆದ ಮೇಲೆ

ರಸೀದಿ ಬಂದ ಮೇಲೆ ಎರಡು ಪತ್ರ ಕೇಳಬಹುದು. ಆರ್‌ಓ 21, ತೆರಿಗೆ ಕಟ್ಟಿದ್ದಕ್ಕೆ ಪತ್ರ. ಆರ್‌ಓ 22, ನೀವು ಅಲ್ಲಿನ ತೆರಿಗೆ ನಿವಾಸಿ ಎಂಬ ಪತ್ರ. ಭಾರತದ ಎನ್‌ಆರ್‌ಓ ಠೇವಣಿಗೆ ಬ್ಯಾಂಕು ಶೇ. 30 ಮತ್ತು ಸೆಸ್ ಸೇರಿಸಿ ಟಿಡಿಎಸ್ ಹಿಡಿಯುತ್ತದೆ. ಒಪ್ಪಂದದ ಕಡಿಮೆ ದರ ಬೇಕಾದರೆ ಈ ನಿವಾಸಿ ಪತ್ರವೇ ಆಧಾರ. ಊರಿನ ಬ್ಯಾಂಕಿಗೆ ಪ್ರತಿ ವರ್ಷ ಹೊಸದನ್ನು ಕೊಡಬೇಕು.

ಕಾಗದಗಳನ್ನು ಹತ್ತು ವರ್ಷ ಇಟ್ಟುಕೊಳ್ಳಿ. 2023ರ ಸ್ಟೇಟ್‌ಮೆಂಟನ್ನು ಮಾತ್ರ, ಆ ಹಳೆ ಉಳಿತಾಯದ ಕೊನೆಯ ಬಾತ್ ಒಳಗೆ ಬರುವವರೆಗೂ, ಎಷ್ಟು ವರ್ಷವಾದರೂ ಸರಿ, ಎಸೆಯಬೇಡಿ. ಒಂದು ಪ್ರತಿ ಮನೆಯಲ್ಲಿ, ಒಂದು ಫೋನ್‌ನಲ್ಲಿ, ಒಂದು ಊರಿನಲ್ಲಿ ನಂಬಿಕಸ್ತರ ಹತ್ತಿರ. ಗಂಡ ಅಥವಾ ಹೆಂಡತಿಗೂ ಅದು ಎಲ್ಲಿದೆ ಎಂದು ಗೊತ್ತಿರಲಿ. ಖಾತೆ ನೋಡಿಕೊಳ್ಳುತ್ತಿದ್ದವರು ಆಸ್ಪತ್ರೆ ಸೇರಿದಾಗ ಮನೆಯವರು ಕಪಾಟು ಹುಡುಕುತ್ತಾ ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.